ಬಾದಾಮಿಯ ಕೆಂಪು ಬಂಡೆಗೆ ಹೋಲ್ಗಾ ನೋಟ: ಡಿಜಿಟಲ್ ಚಿತ್ರದಲ್ಲಿ ತರುವ ಬಗೆ

1980ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಹೋಲ್ಗಾ ಅಗ್ಗದ ಕ್ಯಾಮೆರಾ. 120 ಎಂಬ ಅಗಲ ಫಿಲ್ಮ್ ರೋಲ್, 60 ಮಿ.ಮೀ. ಪ್ಲಾಸ್ಟಿಕ್ ಲೆನ್ಸ್. ಚಿತ್ರ ನಡುವೆ ಸ್ಪಷ್ಟ, ಅಂಚಿಗೆ ಮಸುಕು, ಮೂಲೆಗಳಲ್ಲಿ ಕತ್ತಲು. ಕ್ಯಾಮೆರಾದ ಸಂದಿಯಿಂದ ಬೆಳಕು ನುಸುಳಿದರೆ ಕಿತ್ತಳೆ ಪಟ್ಟಿ. ಒಂದೇ ಫಿಲ್ಟರ್ ಒತ್ತಿ ಇದನ್ನೆಲ್ಲ ತರಲು ಹೋದರೆ ಚಿತ್ರ ಸುಳ್ಳೆನಿಸುತ್ತದೆ. ಬೆಳಕು ಮೊದಲು ಲೆನ್ಸ್ ಹಾಯುತ್ತದೆ, ಆಮೇಲೆ ಫಿಲ್ಮ್ ಮೇಲೆ ಬೀಳುತ್ತದೆ, ಕೊನೆಗೆ ಡೆವಲಪಿಂಗ್. ಎಡಿಟಿಂಗೂ ಅದೇ ಸಾಲಿನಲ್ಲಿ ನಡೆಯಬೇಕು. ಲೇಯರ್ (ಒಂದರ ಮೇಲೊಂದು ಇಡುವ ಪದರ) ಮತ್ತು ಮಾಸ್ಕ್ (ಪದರದ ಕಪ್ಪು ಭಾಗ ಮರೆಸಿ ಬಿಳಿ ಭಾಗ ತೋರಿಸುವ ಮುಸುಕು) ಇರುವ ಯಾವ ತಂತ್ರಾಂಶವಾದರೂ ಸಾಕು. ರಾ ಫೈಲ್ ತೆರೆಯುವುದೊಂದು ಬಿಟ್ಟರೆ, ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಉಳಿದದ್ದೆಲ್ಲ ಆಗುತ್ತದೆ.

ಬಾದಾಮಿಯ ಕೆರೆಯಾದ ಅಗಸ್ತ್ಯ ತೀರ್ಥದ ಪಶ್ಚಿಮ ದಡದಲ್ಲಿ ಸಂಜೆ ನಾಲ್ಕರ ಮೇಲೆ ನಿಂತರೆ ಬಿಸಿಲು ಬೆನ್ನ ಹಿಂದಿರುತ್ತದೆ, ಎದುರಿಗೆ ಪೂರ್ವ ದಡದ ಭೂತನಾಥ ಗುಡಿ ಬೆಳಗುತ್ತದೆ. ಗುಡಿಯನ್ನು ಚಿತ್ರದ ನಟ್ಟನಡುವೆ ಇಡಿ. ಅಂಚು ಹೇಗೂ ಮಸುಕಾಗುತ್ತದೆ. ಜೊತೆಗೇ ಬರುವ ಕಿಟ್ ಲೆನ್ಸ್ ಇರುವ ಎಪಿಎಸ್-ಸಿ (ಸಣ್ಣ ಸೆನ್ಸರ್‌ನ) ಕ್ಯಾಮೆರಾದಲ್ಲಿ 18 ಮಿ.ಮೀ., ಎಫ್/8, ಐಎಸ್ಒ 100, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ). ಚೌಕಾಕಾರಕ್ಕೆ ಕತ್ತರಿಸಿದ ಮೇಲೆ ನೋಟದ ಅಗಲ ಹೆಚ್ಚುಕಡಿಮೆ ಹೋಲ್ಗಾದಷ್ಟೇ ಬರುತ್ತದೆ. ಮೊಬೈಲಿನ ಮುಖ್ಯ ಕ್ಯಾಮೆರಾ ಕೂಡ ಇದಕ್ಕೆ ಹತ್ತಿರ.

ಮೊದಲು ಚೌಕ ಮಾಡಿ 2000 × 2000 ಪಿಕ್ಸೆಲ್‌ಗೆ ಇಳಿಸಿ. ಮುಂದಿನ ಅಳತೆಗಳೆಲ್ಲ ಈ ಗಾತ್ರಕ್ಕೇ. ಚೌಕ ಮಾಡದೆ ಮೂಲೆ ಕಪ್ಪು ಮಾಡಿದರೆ ವೃತ್ತದ ಬದಲು ಮೊಟ್ಟೆಯಾಕಾರ ಬರುತ್ತದೆ.

ಈಗ ಲೆನ್ಸಿನ ಕೆಲಸ. ಇಡೀ ಚಿತ್ರಕ್ಕೆ 1 ಪಿಕ್ಸೆಲ್ ಗಾಸಿಯನ್ ಬ್ಲರ್ (ಮೃದು ಮಸುಕು) ಕೊಡಿ, ಏಕೆಂದರೆ ಪ್ಲಾಸ್ಟಿಕ್ ಲೆನ್ಸಿನ ನಡುಭಾಗವೂ ಚೂರಿಯಂತೆ ಹರಿತವಿರುವುದಿಲ್ಲ. ಲೇಯರ್ ನಕಲು ಮಾಡಿ 8 ಪಿಕ್ಸೆಲ್ ಬ್ಲರ್ ಹಾಕಿ, ನಡುವೆ ಕಪ್ಪು ಅಂಚಿಗೆ ಬಿಳಿ ಇರುವ ವೃತ್ತಾಕಾರದ ಗ್ರೇಡಿಯೆಂಟ್ (ನಿಧಾನಕ್ಕೆ ಬದಲಾಗುವ ಛಾಯೆಯ) ಮಾಸ್ಕ್ ಕೊಡಿ. ನಡುವಿನ ಸುಮಾರು 700 ಪಿಕ್ಸೆಲ್ ಅಗಲ ಪೂರ್ತಿ ಕಪ್ಪಿರಲಿ, ಅಲ್ಲಿಂದ ನಿಧಾನಕ್ಕೆ ತಿಳಿಯಾಗಲಿ. ಮೇಲೆ ಕೆಳಗೆ ಅಡ್ಡಪಟ್ಟಿಯಾಗಿ ಮಸುಕು ಮಾಡಬೇಡಿ: ಗುಡಿ ಆಟಿಕೆ ಮಾದರಿಯಂತೆ ಪುಟ್ಟದಾಗಿ ಕಾಣುತ್ತದೆ. ಎರಡೂ ಲೇಯರ್ ಕೂಡಿಸಿ, ಚಿತ್ರದ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ (ಬಣ್ಣದ ಭಾಗಗಳಲ್ಲಿ) ಕೆಂಪು ಒಂದನ್ನೇ 2006 ಪಿಕ್ಸೆಲ್‌ಗೆ ಹಿಗ್ಗಿಸಿ ಕೇಂದ್ರಕ್ಕೆ ಕೂರಿಸಿ. ಅಂಚಿನಲ್ಲಿ 3 ಪಿಕ್ಸೆಲ್ ಬಣ್ಣದ ಗೆರೆ ಮೂಡುತ್ತದೆ. ಮೂಲೆಗಳನ್ನು ಕಪ್ಪು ಬ್ರಷ್‌ನಿಂದ ಬಳಿಯದೆ ಅಲ್ಲಿನ ಎಕ್ಸ್‌ಪೋಷರ್ ಒಂದೂವರೆಯಿಂದ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ). ಆಗ ನೆರಳಿನಲ್ಲೂ ಬಂಡೆಯ ಬಣ್ಣ ಉಳಿಯುತ್ತದೆ.

ಬೆಳಕಿನ ಸೋರಿಕೆ ಬೇಕಿದ್ದರೆ ಇಲ್ಲಿ ಸೇರಿಸಿ: ಹೊಸ ಲೇಯರ್, ಕೆಳಗಿನ ಚಿತ್ರವನ್ನು ಬೆಳಗಿಸುವ ಸ್ಕ್ರೀನ್ ಮೋಡ್, ಒಂದು ಅಂಚಿನಿಂದ ಒಳಬರುವ ಕಿತ್ತಳೆ ಪಟ್ಟಿ, ಅಪಾರದರ್ಶಕತೆ ಶೇ. 30. ಕೆಂಪು ಬಂಡೆಯ ಮೇಲೆ ಬಿದ್ದರೆ ಅದು ಕಾಣುವುದೇ ಇಲ್ಲ. ಆಕಾಶದ ಕಡೆಯಿಂದ ತನ್ನಿ.

ಸ್ಲೈಡ್ ಫಿಲ್ಮನ್ನು ನೆಗೆಟಿವ್ ರಾಸಾಯನಿಕದಲ್ಲಿ ತೊಳೆದಾಗ ಬರುವ ಬಣ್ಣಕ್ಕೆ ಕರ್ವ್ಸ್ ಸಾಕು: ಪ್ರತಿ ಬಣ್ಣದ 0ಯಿಂದ 255ರವರೆಗಿನ ಮಟ್ಟಗಳನ್ನು ಏರಿಸಿ ಇಳಿಸುವ ಸಾಧನ ಅದು. ಹಸಿರು: 64 ಅನ್ನು 58ಕ್ಕೆ, 192 ಅನ್ನು 200ಕ್ಕೆ. ನೀಲಿ: 0 ಅನ್ನು 35ಕ್ಕೆ, 255 ಅನ್ನು 225ಕ್ಕೆ, ನೆರಳಿಗೆ ನೀಲಿ ಬರುತ್ತದೆ, ಬೆಳಕಿನ ಭಾಗಕ್ಕೆ ಹಳದಿ. ಕೆಂಪಿಗೆ ಸಾಮಾನ್ಯವಾಗಿ 64 ಅನ್ನು 50ಕ್ಕೆ, 192 ಅನ್ನು 210ಕ್ಕೆ ಎಳೆಯುತ್ತಾರೆ. ಬಾದಾಮಿಯಲ್ಲಿ ಅಷ್ಟು ಬೇಡ. ಸಂಜೆ ಬಿಸಿಲಿನ ಮರಳುಗಲ್ಲಿನಲ್ಲಿ ಕೆಂಪು ಚಾನೆಲ್ ಮೊದಲೇ ತುಂಬಿರುತ್ತದೆ. ಇನ್ನೂ ಎತ್ತಿದರೆ ಬಂಡೆಯ ಪದರ, ಬಿರುಕು ಎಲ್ಲ ಅಳಿಸಿಹೋಗಿ ಬಣ್ಣ ಬಳಿದ ಗೋಡೆಯಾಗುತ್ತದೆ. ಕೆಂಪಿನ 192 ಅನ್ನು 200ಕ್ಕೆ ನಿಲ್ಲಿಸಿ, ಹಿಸ್ಟೋಗ್ರಾಮ್‌ನ (ಬೆಳಕಿನ ಮಟ್ಟಗಳ ನಕ್ಷೆಯ) ಬಲ ಅಂಚಿಗೆ ಕೆಂಪು ಗುಡ್ಡೆಯಾಗಿಲ್ಲವೇ ನೋಡಿ. ಬಂಡೆಯ ನೆರಳು ನೇರಳೆಗೆ ತಿರುಗಿದರೆ ನೀಲಿಯ 35 ಅನ್ನು 20ಕ್ಕೆ ಇಳಿಸಿ. ವಿಜಯಪುರದ ಗೋಳಗುಮ್ಮಟದಂಥ ಬೂದು ಗೋಡೆಗೆ ಮಾತ್ರ ಪೂರ್ತಿ ಅಳತೆಯೇ ಒಪ್ಪುತ್ತದೆ.

ಗ್ರೇನ್ (ಫಿಲ್ಮಿನ ಕಾಳುಕಾಳು ನೋಟ) ಯಾವತ್ತೂ ಕೊನೆಗೆ: ಏಕವರ್ಣದ ನಾಯ್ಸ್ ಶೇ. 8, ಅದಕ್ಕೆ ಅರ್ಧ ಪಿಕ್ಸೆಲ್ ಬ್ಲರ್. ಮೊದಲೇ ಹಾಕಿದರೆ ಅಂಚಿನ ಬ್ಲರ್ ಅದನ್ನೂ ನುಂಗುತ್ತದೆ, ನಡುವೆ ಮಾತ್ರ ಕಾಳು ಉಳಿದು ಕೃತಕತೆ ಬಯಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೂ ಗ್ರೇನ್ ಕಲಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.