ಬಲೆ ಮುಚ್ಚುವ ಮೊದಲೇ ಅಳೆಯಬೇಕು

ನಮ್ಮ ಬೋಟಿನ ಕ್ಯಾಬಿನ್ ಬಾಗಿಲ ಪಕ್ಕ ಒಂದು ಹಲಗೆ ನೇತು ಹಾಕಿದ್ದೇವೆ. ಒಂದಡಿ ಉದ್ದ ಇರಬಹುದು. ಅದರ ಮೇಲೆ ಎರಡು ಗೆರೆ. 10 ಸೆಂಟಿಮೀಟರಿಗೆ ಕೆಂಪು, 15ಕ್ಕೆ ಹಸಿರು. ಮೀನಿನ ಮೂತಿಯನ್ನು ಹಲಗೆಯ ಈ ತುದಿಗೆ ತಾಗಿಸಿ ಮಲಗಿಸಿದರೆ ಬಾಲ ಎಲ್ಲಿಗೆ ಬಂತು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಈ ಹಲಗೆ ಹಾಕಿದ್ದು ಬೂತಾಯಿ ಮೀನಿಗಾಗಿ, ಇಂಗ್ಲಿಷಿನಲ್ಲಿ ಸಾರ್ಡೀನ್ ಅನ್ನುತ್ತಾರಲ್ಲ, ಅದು. ನಮ್ಮ ಕುಂದಾಪುರದ ಕಡೆ ಅದನ್ನು ಬೈಗೆ ಅಂತಲೂ ಹೇಳುತ್ತೇವೆ, ಕಾರವಾರದ ಕಡೆ ತಾರ್ಲೆ.

ನಾನು ಗಂಗೊಳ್ಳಿಯವನು. ಮೀನಿನ ಗುಂಪಿಗೆ ಸುತ್ತು ಬಲೆ ಹಾಕಿ ಅಡಿ ಮುಚ್ಚುವ ಪರ್ಸೀನ್ ಬೋಟಿನಲ್ಲಿ ಕಲಾಸಿಯಾಗಿ, ಅಂದರೆ ಕೆಲಸದವನಾಗಿ ಸೇರಿದೆ, ಆಮೇಲೆ ಬೋಟು ನಡೆಸುವ ತಾಂಡೇಲನಾದೆ, ಈಗ ಇಬ್ಬರು ಸೇರಿ ಒಂದು ಬೋಟು ಇಟ್ಟುಕೊಂಡಿದ್ದೇವೆ. ಅಮ್ಮ ಬುಟ್ಟಿ ಹೊತ್ತು ಹೆಮ್ಮಾಡಿ ಕಡೆ ಮೀನು ಮಾರುತ್ತಿದ್ದಳು. ಆ ಬುಟ್ಟಿಯಲ್ಲಿ ಬೂತಾಯಿ ಇಲ್ಲದ ದಿನ ಕಡಿಮೆ. ಆದರೆ ಬೂತಾಯಿಯೇ ಇಲ್ಲದ ವರ್ಷಗಳನ್ನೂ ನೋಡಿದೆವು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 3,500 ಟನ್ನೂ ಸಿಗಲಿಲ್ಲ. ಎಲ್ಲವೂ ನಮ್ಮ ಬಲೆಯಿಂದಲೇ ಆದದ್ದಲ್ಲ, ಸಮುದ್ರದ ನೀರು ಬಿಸಿಯಾದದ್ದೂ ಕಾರಣ. ಆದರೆ ನೀರನ್ನು ತಣ್ಣಗೆ ಮಾಡುವುದು ನನ್ನ ಕೈಯಲ್ಲಿಲ್ಲ. ಬಲೆ ನನ್ನ ಕೈಯಲ್ಲಿದೆ, ಅಲ್ವಾ?

ನಿಯಮಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಮಳೆಗಾಲದ ರಜೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ಸಣ್ಣ ಇಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಬಿಟ್ಟಿದ್ದಾರೆ. ಬೂತಾಯಿಯ ಮಟ್ಟಿಗೆ ಇದು ಸರಿಯಾದ ಹೊತ್ತು. ಮಳೆಗಾಲದಲ್ಲೇ ಅದು ಮೊಟ್ಟೆ ಇಡುವುದು. ಆಗ ಅಡಿಯ ತಣ್ಣೀರು ಮೇಲೆ ಬರುತ್ತದೆ, ಮರಿಗಳಿಗೆ ತಿನ್ನಲು ಬೇಕಾದಷ್ಟು ಪಾಚಿ ಹುಟ್ಟುತ್ತದೆ. ತೊಂದರೆ ಇರುವುದು ಆಮೇಲೆ. ಆಗಸ್ಟಿನಲ್ಲಿ ಪೂಜೆ ಮುಗಿಸಿ ನಾವು ಬೋಟು ಇಳಿಸುವ ಹೊತ್ತಿಗೆ, ಅದೇ ಮಳೆಗಾಲದಲ್ಲಿ ಹುಟ್ಟಿದ ಮರಿಗಳು ದಡದ ಹತ್ತಿರ ಗುಂಪು ಕಟ್ಟಿರುತ್ತವೆ. ಎರಡು ತಿಂಗಳು ಕಾದು ಬೆಳೆಸಿದ್ದನ್ನು ಸೆಪ್ಟೆಂಬರಿನ ಒಂದೇ ವಾರದಲ್ಲಿ ಬಾಚಿ ಫಿಶ್‌ಮಿಲ್ಲಿಗೆ ಹಾಕಿಬಿಡುತ್ತೇವೆ. ಅಲ್ಲಿ ಅದು ಪುಡಿಯಾಗಿ, ಎಣ್ಣೆಯಾಗಿ ಹೋಗುತ್ತದೆ. ಮನುಷ್ಯರು ತಿನ್ನುವ ಮೀನು ಅದು. ನನಗೆ ಇದು ತುಂಬ ಬೇಸರದ ವಿಷಯ.

ಅದಕ್ಕೇ ಕನಿಷ್ಠ ಅಳತೆಯ ನಿಯಮ ಬಂದದ್ದು. ಕೇರಳ 2015ರಲ್ಲಿ ಮೊದಲು ಮಾಡಿತು. ಬೂತಾಯಿಗೆ 10 ಸೆಂಟಿಮೀಟರು, ಬಂಗುಡೆಗೆ 14. ನಮ್ಮ ರಾಜ್ಯವೂ ಆಮೇಲೆ ಅದೇ ದಾರಿ ಹಿಡಿಯಿತು. ನಮ್ಮ ಹಲಗೆಯ ಕೆಂಪು ಗೆರೆ ಆ 10. ಹಸಿರು ಗೆರೆ ನಾವೇ ಹಾಕಿಕೊಂಡದ್ದು. ಬೂತಾಯಿ ಮೊದಲ ಸಲ ಮೊಟ್ಟೆ ಇಡುವುದು ಸುಮಾರು 15 ಸೆಂಟಿಮೀಟರು ಆದ ಮೇಲೆ.

ನಾನು ಮೊದಲು ಮಾಡಿದ ತಪ್ಪು ಹೇಳುತ್ತೇನೆ. 2019ರ ಸೆಪ್ಟೆಂಬರ್. ಬಲೆ ಸುತ್ತು ಹಾಕಿ, ಅಡಿಯ ಹಗ್ಗ ಎಳೆದು ಮುಚ್ಚಿ, ಮುಕ್ಕಾಲು ಬಲೆ ಮೇಲೆ ಬಂದಿತ್ತು. ಗೋರುಬಲೆಯಲ್ಲಿ ಒಂದು ಸಲ ಎತ್ತಿ ನೋಡಿದರೆ ಬೆರಳಿನಷ್ಟು ಉದ್ದದ ಮರಿಗಳು. ಬಿಡೋಣ ಅಂದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಕಲಾಸಿ ಹಗ್ಗ ಹಿಡಿದುಕೊಂಡೇ ಕೇಳಿದರು, "ಹ್ವಾಯ್, ಇಷ್ಟೆಲ್ಲ ಬಿಟ್ರೆ ನಾವ್ ಮನಿಗ್ ಎಂತ ತಕಂಡ್ ಹೋಪ್ದು?" ಆದರೂ ಬಲೆ ಬಿಚ್ಚಿಸಿದೆ. ಮೀನು ಹೊರಗೆ ಹೋಯಿತು, ಆದರೆ ಈಜಿಕೊಂಡಲ್ಲ. ಬೋಟಿನ ಸುತ್ತ ನೀರೆಲ್ಲ ಬಿಳಿಯಾಯಿತು. ಹೊಟ್ಟೆ ಮೇಲಾಗಿ ತೇಲುವ ಮರಿಗಳು, ನಡುವೆ ಬಿಸಿಲಿಗೆ ಮಿನುಗುವ ಹುರುಪೆ. ಕೈ ಅದ್ದಿ ತೆಗೆದರೆ ಅಂಗೈ ತುಂಬ ಬೆಳ್ಳಿಪುಡಿ ಹಚ್ಚಿದ ಹಾಗೆ. ಮೀನೂ ಉಳಿಯಲಿಲ್ಲ, ದುಡ್ಡೂ ಬರಲಿಲ್ಲ. ಇಪ್ಪತ್ತೆಂಟು ಜನ ಮಾತಿಲ್ಲದೆ ಬಂದರಿನ ದಕ್ಕೆಗೆ ವಾಪಸ್ ಬಂದೆವು.

ಬೂತಾಯಿಯ ಹುರುಪೆ ತುಂಬ ಸಡಿಲ. ಬಲೆ ಕಿರಿದಾಗಿ ಒಂದಕ್ಕೊಂದು ಉಜ್ಜಿದರೆ ಸಾಕು, ಉದುರುತ್ತದೆ. ಹುರುಪೆ ಹೋದ ಮೀನು ಈಜಿಕೊಂಡು ಹೋದರೂ ಜಾಸ್ತಿ ಹೊತ್ತು ಬದುಕುವುದಿಲ್ಲ. ಅಂದರೆ ದಕ್ಕೆಯಲ್ಲಿ ನಿಂತು ಅಳೆಯುವುದರಿಂದ ದಂಡ ಹಾಕಬಹುದು, ಆ ಮೀನನ್ನು ಉಳಿಸಲು ಆಗುವುದಿಲ್ಲ. ನೀರಿನಲ್ಲೇ, ಬಲೆ ಮುಚ್ಚುವ ಮೊದಲೇ ಅಳೆಯಬೇಕು.

ಕಣ್ಣು ದೊಡ್ಡದಿರುವ ಬಲೆ ಹಾಕಿದರಾಯಿತಲ್ಲ ಅಂತ ಹಲವರು ಕೇಳುತ್ತಾರೆ. ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿಗೆ ಅದು ಸರಿ. ಬಲೆಯ ತುದಿಯ ಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಹಾಕಿದರೆ ಸಣ್ಣದು ನುಸುಳಿ ಹೋಗುತ್ತದೆ. ನಮ್ಮದು ಸುತ್ತು ಹಾಕುವ ಬಲೆ. ಕಣ್ಣು ದೊಡ್ಡದು ಮಾಡಿದರೆ ಮೀನು ತಲೆ ತೂರಿಸಿ ಸಾವಿರಾರು ಕಡೆ ಕಚ್ಚಿಕೊಳ್ಳುತ್ತದೆ. ಒಂದೊಂದೇ ಬಿಡಿಸುತ್ತಾ ಕೂತರೆ ದಿನ ಮುಗಿಯುತ್ತದೆ, ಬಲೆಯೂ ಹರಿಯುತ್ತದೆ.

ಹಾಗಾಗಿ ನಾವು ಕಂಡುಕೊಂಡ ಉಪಾಯ ಬೀಸುಬಲೆ. ಗುಂಪು ಕಂಡ ಕೂಡಲೇ ಸುತ್ತು ಹಾಕುವುದಿಲ್ಲ. ಮೊದಲು ಸಣ್ಣ ದೋಣಿಯಲ್ಲಿ ಇಬ್ಬರು ಹೋಗುತ್ತಾರೆ. ಇಂಜಿನ್ ಬಂದ್, ಹುಟ್ಟು ಹಾಕಿಕೊಂಡೇ ಹೋಗಬೇಕು. ಸದ್ದಾದರೆ ಗುಂಪು ಅಡಿಗೆ ಇಳಿದುಬಿಡುತ್ತದೆ. ಗುಂಪಿನ ನಡುವಿಗಲ್ಲ, ಅಂಚಿಗೆ ಒಂದು ಬೀಸು. ಸಿಕ್ಕಿದ್ದರಲ್ಲಿ ಆರಿಸದೆ ಇಪ್ಪತ್ತು ಮೀನು ತೆಗೆದು ಹಲಗೆಯ ಮೇಲೆ ಇಡುತ್ತೇವೆ. ಆರಿಸದೆ ಅನ್ನುವುದು ಮುಖ್ಯ, ಏಕೆಂದರೆ ಕೈ ತಾನಾಗಿಯೇ ದೊಡ್ಡದರ ಕಡೆ ಹೋಗುತ್ತದೆ. ಕೆಂಪು ಗೆರೆಗಿಂತ ಗಿಡ್ಡದು ಐದು ಇದ್ದರೆ ಆ ಗುಂಪು ಬಿಟ್ಟೆವು. ಹೆಚ್ಚಿನವು ಹಸಿರು ದಾಟಿದ್ದರೆ ಬಲೆ ಹಾಕಿದೆವು. ಎರಡೂ ಗೆರೆಗಳ ನಡುವೆ ಇದ್ದರೆ? ಕಷ್ಟ ಅದೇ. ನಿಯಮದಲ್ಲಿ ತಪ್ಪಿಲ್ಲ, ಆದರೆ ಅದಿನ್ನೂ ಒಂದು ಸಲವೂ ಮೊಟ್ಟೆ ಇಟ್ಟಿಲ್ಲ. ನಾವು ಅಕ್ಟೋಬರ್ ಕೊನೆಯವರೆಗೆ ಅದನ್ನೂ ಬಿಡುತ್ತೇವೆ. ಆಮೇಲೆ ಹಿಡಿಯುತ್ತೇವೆ, ಬೋಟು ನಡೆಯಬೇಕಲ್ಲ.

ಕೆಲವೊಮ್ಮೆ ಬೀಸುಬಲೆಗೆ ದೊಡ್ಡದು ಬಂದು ಒಳಗೆ ಸಣ್ಣದೇ ತುಂಬಿರುತ್ತದೆ. ಆಗ ಅರ್ಧ ಬಲೆ ಎಳೆಯುವುದರೊಳಗೆ ತೀರ್ಮಾನ ಆಗಬೇಕು. ಒಂದು ಕಡೆ ಬಲೆಯ ಮೇಲಂಚನ್ನು ತೇಲಿಸುವ ಬೆಂಡಿನ ಹಗ್ಗವನ್ನು ನೀರಿನ ಅಡಿಗೆ ಒತ್ತಿ ಹಿಡಿದರೆ ಬಾಗಿಲು ತೆರೆದ ಹಾಗೆ. ಒಂದು ಮೀನು ದಾರಿ ಕಂಡರೆ ಉಳಿದದ್ದು ಅದರ ಹಿಂದೆಯೇ ಹೋಗುತ್ತದೆ.

ಇನ್ನು ದುಡ್ಡಿನ ಮಾತು. ಡೀಸೆಲ್, ಐಸಿನ ಖರ್ಚು ಕಳೆದು ಉಳಿದದ್ದರಲ್ಲಿ ಕಲಾಸಿಗಳಿಗೆ ಪಾಲು. ಮೀನು ಬಿಟ್ಟ ದಿನ ಪಾಲೇ ಇಲ್ಲ. ಮೀನು ಬಿಡು ಅನ್ನುವುದು ಮಾಲೀಕನಾದ ನನಗೆ ಸುಲಭ. ಅವರ ಮನೆಯಲ್ಲಿ ಅವತ್ತಿನ ಅಕ್ಕಿಯ ಪ್ರಶ್ನೆ. ರಜೆಯ ತಿಂಗಳುಗಳಿಗೆ ಉಳಿತಾಯ ಪರಿಹಾರ ಯೋಜನೆ ಇದೆ. ಮೀನುಗಾರ 1,500 ರೂಪಾಯಿ ಕಟ್ಟಿದರೆ ಕೇಂದ್ರ 1,500, ರಾಜ್ಯ 1,500 ಸೇರಿಸಿ 4,500 ಕೊಡುತ್ತಾರೆ. ಅದರಲ್ಲಿ ಮೂರನೇ ಒಂದು ಪಾಲು ಅವನದ್ದೇ ದುಡ್ಡು. ಶಾಲೆ ಶುರುವಾಗುವ ತಿಂಗಳಲ್ಲಿ ಅದು ಎಷ್ಟು ದಿನಕ್ಕೆ ಬರುತ್ತದೆ ಹೇಳಿ. ಮರಿ ಬಿಟ್ಟ ದಿನಕ್ಕಂತೂ ಏನೂ ಇಲ್ಲ. ಇದನ್ನು ಸರಿಮಾಡದೆ ಬರೀ ದಂಡ ಹಾಕುತ್ತಾ ಹೋದರೆ ಮೀನು ಉಳಿಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ನಾವು ಮಾಡಿಕೊಂಡದ್ದು ಇಷ್ಟು. ಗುಂಪು ಬಿಟ್ಟು ಬರಿಗೈಯಲ್ಲಿ ಬಂದ ದಿನ ಬೋಟಿನ ಪಾಲಿನಿಂದ ತಲೆಗೆ 300 ರೂಪಾಯಿ ಬತ್ತೆ. ಒಂದು ದಿನ ಎಲ್ಲರೂ ಕೂತು ತೂಕವನ್ನೂ ಮಾಡಿ ನೋಡಿದೆವು. 10 ಸೆಂಟಿಮೀಟರಿನ ಮರಿ ಕಿಲೋಗೆ ನೂರಕ್ಕೂ ಜಾಸ್ತಿ ಬಂತು. 15 ದಾಟಿದ್ದು ಮೂವತ್ತು ಚಿಲ್ಲರೆ. ಬಿಟ್ಟ ನೂರರಲ್ಲಿ ಅರ್ಧ ದೊಡ್ಡ ಮೀನುಗಳ ಬಾಯಿಗೆ ಹೋದರೂ ಉಳಿದ ಐವತ್ತು ಒಂದೂವರೆ ಕಿಲೋ ತೂಗುತ್ತವೆ. ಅದೂ ಫಿಶ್‌ಮಿಲ್ಲಿನ ದರಕ್ಕಲ್ಲ, ತಿನ್ನುವ ಮೀನಿನ ದರಕ್ಕೆ. ಆ ಹಿರಿಯ ಕಲಾಸಿ ತಕ್ಕಡಿಯನ್ನು ಎರಡು ಸಲ ನೋಡಿದರು. ಆಮೇಲೆ ಕೇಳಿದ ಪ್ರಶ್ನೆ ಒಂದೇ: "ನಾವ್ ಬಿಟ್ಟದ್ದನ್ನ ಪಕ್ಕದ ಬೋಟಿನವ್ರ್ ಹಿಡುದಿಲ್ಯಾ?"

ಹಿಡಿಯುತ್ತಿದ್ದರು. ನಮ್ಮ ಕಣ್ಣೆದುರೇ ಹಿಡಿದದ್ದೂ ಇದೆ. ಬೈದು ಪ್ರಯೋಜನ ಇಲ್ಲ ಅಂತ ಪರಿಚಯದ ಎರಡು ಬೋಟಿನವರನ್ನು ಕರೆದು ಚಾ ಕುಡಿಯುತ್ತಾ ಮಾತಾಡಿದೆ, ಹಲಗೆ ಮಾಡಿಸಿ ಕೊಟ್ಟೆ. ಈಗ ಮೂರು ಬೋಟಿನಲ್ಲಿ ಯಾರು ಮೊದಲು ಬೀಸು ಹಾಕಿದರೂ ಉಳಿದವರಿಗೆ ವೈರ್‌ಲೆಸ್ಸಿನಲ್ಲಿ ಹೇಳುತ್ತಾರೆ. ಕಳೆದ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ನಾವಿನ್ನೂ ಅಳಿವೆ ದಾಟುತ್ತಿದ್ದೆವು. ವೈರ್‌ಲೆಸ್ ಗರಗರ ಅಂತು. ಆ ಕಡೆಯ ತಾಂಡೇಲನ ದನಿ: "ಕೆಂಪ್ ಗೆರಿ ಒಳ್ಗೇ ಇತ್ತ್. ಬಿಡ್ತೆ." ನಾವು ಬೋಟನ್ನು ಬಡಗು ದಿಕ್ಕಿಗೆ ತಿರುಗಿಸಿದೆವು.