ಸಾಂಟಾ ಕ್ಲಾರಾ ಕೌಂಟಿಯಲ್ಲಿ ಸರ್ಕಾರಿ ಹೈಸ್ಕೂಲುಗಳನ್ನು ಹೋಲಿಸುವ ಬಗೆ

ಕ್ಯಾಲಿಫೋರ್ನಿಯಾದ ಈ ಕೌಂಟಿಯಲ್ಲಿ ಮನೆ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಶಾಲೆಯ ಹೆಸರಿನ ಪಕ್ಕದಲ್ಲಿ ಹತ್ತಕ್ಕೆ ಇಷ್ಟು ಎಂದು ತೋರಿಸುವ ಅಂಕ. ಆ ಅಂಕದಲ್ಲಿ ಪರೀಕ್ಷಾ ಫಲಿತಾಂಶದ ಪಾಲು ದೊಡ್ಡದು. ಫಲಿತಾಂಶವೋ, ಬಹುಮಟ್ಟಿಗೆ ಆ ಬಡಾವಣೆಯಲ್ಲಿ ಯಾರು ವಾಸವಾಗಿದ್ದಾರೆ ಎಂಬುದನ್ನು ಹೇಳುತ್ತದೆ. ಶಾಲೆಯ ಕೆಲಸ ಕಾಣಬೇಕಾದರೆ ಇನ್ನೂ ಸ್ವಲ್ಪ ಕೆದಕಬೇಕು. ಬೇಕಾದ ಮಾಹಿತಿಯೆಲ್ಲ ಉಚಿತವಾಗಿ ಸಿಗುತ್ತದೆ. ಒಂದು ಎಕ್ಸೆಲ್ ಹಾಳೆ ತೆರೆದಿಟ್ಟುಕೊಳ್ಳಿ.

ವಿಳಾಸದಿಂದ ಶುರು ಮಾಡಿ. ಇಲ್ಲಿ ಹೈಸ್ಕೂಲೆಂದರೆ 9ರಿಂದ 12ನೇ ತರಗತಿ. ಯಾವ ಶಾಲೆ ಎಂಬುದನ್ನು ಮನೆಯ ವಿಳಾಸ ತೀರ್ಮಾನಿಸುತ್ತದೆ, ಊರಿನ ಹೆಸರಲ್ಲ. ಲಿನ್‌ಬ್ರೂಕ್ ಹೈಸ್ಕೂಲು ಇರುವುದು ಸ್ಯಾನ್ ಹೋಸೆಯಲ್ಲಿ, ಆದರೆ ಅದು ಫ್ರೀಮಾಂಟ್ ಯೂನಿಯನ್ ಡಿಸ್ಟ್ರಿಕ್ಟಿಗೆ (ಡಿಸ್ಟ್ರಿಕ್ಟ್ ಎಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕ) ಸೇರಿದ್ದು. ಸನ್ನಿವೇಲ್ ನಗರದ ಒಂದು ಭಾಗ ಸಾಂಟಾ ಕ್ಲಾರಾ ಯೂನಿಫೈಡ್ ಡಿಸ್ಟ್ರಿಕ್ಟಿಗೆ ಸೇರುತ್ತದೆ. ಹೆಸರು ಕೇಳಿ ಮೋಸ ಹೋಗಬೇಡಿ: ಫ್ರೀಮಾಂಟ್ ಯೂನಿಯನ್ ಇರುವುದು ಫ್ರೀಮಾಂಟ್ ನಗರದಲ್ಲಲ್ಲ, ಆ ನಗರ ಪಕ್ಕದ ಅಲಮೇಡಾ ಕೌಂಟಿಯದು. ಕೆಲವೆಡೆ 8ನೇ ತರಗತಿಯವರೆಗೆ ಒಂದು ಡಿಸ್ಟ್ರಿಕ್ಟ್, ಆಮೇಲೆ ಇನ್ನೊಂದು. ಡಿಸ್ಟ್ರಿಕ್ಟಿನ ಜಾಲತಾಣದಲ್ಲಿ ಮನೆ ನಂಬರು ಹಾಕಿ ನೋಡಿ, ಬಳಿಕ ದಾಖಲಾತಿ ಕಚೇರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಮನೆಯ ಜಾಹೀರಾತಿನಲ್ಲಿರುವ ಶಾಲೆಯ ಹೆಸರನ್ನು ನಂಬಿ ಕರಾರಿಗೆ ಸಹಿ ಹಾಕಬೇಡಿ.

ಮುಂದೆ ಪರೀಕ್ಷೆ. ಹೈಸ್ಕೂಲಿನಲ್ಲಿ ರಾಜ್ಯದ ಇಂಗ್ಲಿಷ್ ಮತ್ತು ಗಣಿತ ಪರೀಕ್ಷೆ ನಡೆಯುವುದು 11ನೇ ತರಗತಿಗೆ ಮಾತ್ರ. ನಿಗದಿತ ಮಟ್ಟ ಮುಟ್ಟಲು ಇಂಗ್ಲಿಷಿನಲ್ಲಿ 2583, ಗಣಿತದಲ್ಲಿ 2628 ಅಂಕ ಬೇಕು. ಶೇಕಡಾವಾರು ನೋಡುವ ಮೊದಲು ಎಷ್ಟು ಮಕ್ಕಳು ಬರೆದರು ಎಂದು ನೋಡಿ. ತಂದೆತಾಯಿ ಲಿಖಿತವಾಗಿ ಕೇಳಿಕೊಂಡರೆ ಮಗುವಿಗೆ ವಿನಾಯಿತಿ ಉಂಟು. ಮೇ ತಿಂಗಳ ಎಪಿ (ಹೈಸ್ಕೂಲಿನಲ್ಲೇ ಕಲಿಯುವ ಕಾಲೇಜು ಮಟ್ಟದ ಕೋರ್ಸುಗಳ) ಪರೀಕ್ಷೆಗಳ ಒತ್ತಡದಲ್ಲಿ ಚೆನ್ನಾಗಿ ಓದುವ ಮಕ್ಕಳೇ ಇದನ್ನು ಬಿಟ್ಟುಬಿಡುವುದೂ ಇದೆ. ಉದಾಹರಣೆಗೆ 450 ಮಕ್ಕಳಲ್ಲಿ 315 ಮಂದಿ ಬರೆದು, 252 ಮಂದಿ ಮಟ್ಟ ಮುಟ್ಟಿದರು ಎನ್ನಿ. ಪರದೆಯ ಮೇಲೆ 80% ಎಂದು ಕಾಣುತ್ತದೆ. ಬರೆಯದ 135 ಮಂದಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನಿಜವಾದ ಸಂಖ್ಯೆ 56%ರಿಂದ 86%ರವರೆಗೆ ಎಲ್ಲಾದರೂ ಇರಬಹುದು. ಪರೀಕ್ಷೆ ಬರೆದವರ ಪ್ರಮಾಣ 95%ಕ್ಕಿಂತ ಕಡಿಮೆ ಇರುವ ಶಾಲೆಯ ಫಲಿತಾಂಶವನ್ನು ಇನ್ನೊಂದರ ಪಕ್ಕ ನೇರವಾಗಿ ಇಡಬೇಡಿ. ಒಂದೇ ವರ್ಷವನ್ನೂ ನಂಬಬೇಡಿ, ಮೂರು ವರ್ಷದ್ದು ಬರೆದುಕೊಳ್ಳಿ.

ಹೆಚ್ಚಿನವರು ಬಿಡುವ ಹೆಜ್ಜೆ, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಇದರ ನಂತರದ್ದು. ರಾಜ್ಯದ ಫಲಿತಾಂಶ ತಾಣದಲ್ಲಿ ತಂದೆತಾಯಿಯ ಓದಿನ ಮಟ್ಟದ ಪ್ರಕಾರ ಫಲಿತಾಂಶವನ್ನು ಬೇರ್ಪಡಿಸಿ ನೋಡಬಹುದು. ನೀವು ಸ್ನಾತಕೋತ್ತರ ಪದವೀಧರರಾದರೆ, ಎರಡೂ ಶಾಲೆಗಳಲ್ಲಿ ಅಂಥ ತಂದೆತಾಯಿಯ ಮಕ್ಕಳ ಸಾಲನ್ನಷ್ಟೇ ಹೋಲಿಸಿ. ಒಟ್ಟು ಸರಾಸರಿಯಲ್ಲಿ ಬೆಟ್ಟದಷ್ಟಿದ್ದ ಅಂತರ ಎಷ್ಟೋ ಸಲ ಇಲ್ಲಿ ಕುಗ್ಗುತ್ತದೆ. ಕುಗ್ಗದೆ ಉಳಿದ ಅಂತರದ ಬಗ್ಗೆ ತಲೆ ಕೆಡಿಸಿಕೊಳ್ಳಿ. ಗುಂಪು ತೀರಾ ಸಣ್ಣದಾದರೆ ಅಂಕಿ ಬದಲು ನಕ್ಷತ್ರ ಚಿಹ್ನೆ ಕಾಣುತ್ತದೆ. ಅದು ಸೊನ್ನೆಯಲ್ಲ, ಮಕ್ಕಳ ಗುರುತು ಬಯಲಾಗದಿರಲೆಂದು ಮುಚ್ಚಿಟ್ಟದ್ದು.

ಶಾಲೆಗಳ ಸಾಧನೆಯನ್ನು ತೋರಿಸುವ ರಾಜ್ಯದ ಜಾಲತಾಣ, ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪಿನಿಂದ ನೀಲಿಯವರೆಗೆ ಐದು ಬಣ್ಣಗಳಿವೆ. ಈ ವರ್ಷದ ಮಟ್ಟ ಮತ್ತು ಹಿಂದಿನ ವರ್ಷದಿಂದಾದ ಏರಿಳಿತ ಎರಡೂ ಸೇರಿ ಬಣ್ಣ ಸಿಗುವುದರಿಂದ, ಮೇಲಿದ್ದು ಸ್ವಲ್ಪ ಜಾರಿದ ಶಾಲೆಯೂ ಕೆಳಗಿದ್ದು ಏರಿದ ಶಾಲೆಯೂ ಒಂದೇ ಬಣ್ಣದಲ್ಲಿ ಕಾಣಬಹುದು. ಬಣ್ಣ ಬಿಟ್ಟು ಒಳಗಿನ ಅಂಕಿ ಬರೆದುಕೊಳ್ಳಿ.

ಕಾಲೇಜಿನ ದೃಷ್ಟಿಯಿಂದ ನೋಡಬೇಕಾದ ಒಂದೇ ಸಂಖ್ಯೆ ಹೇಳಿ ಎಂದರೆ, ಎ-ಜಿ ಎಂಬ ಕೋರ್ಸುಗಳ ಪಟ್ಟಿಯನ್ನು ಪೂರೈಸಿದವರ ಪ್ರಮಾಣ. ರಾಜ್ಯದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮತ್ತು ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಲು ಈ ಪಟ್ಟಿಯ 15 ಕೋರ್ಸುಗಳು ಬೇಕು, ಪ್ರತಿಯೊಂದರಲ್ಲೂ ಸಿ ಅಥವಾ ಮೇಲಿನ ಗ್ರೇಡು: ಇಂಗ್ಲಿಷ್ 4 ವರ್ಷ, ಗಣಿತ 3, ಇತಿಹಾಸ 2, ವಿಜ್ಞಾನ 2, ಇನ್ನೊಂದು ಭಾಷೆ 2, ಕಲೆ 1, ಐಚ್ಛಿಕ 1. ಹೈಸ್ಕೂಲು ಮುಗಿಸಿದವರೆಲ್ಲ ಇದನ್ನು ಮುಗಿಸಿರುವುದಿಲ್ಲ. ಹೈಸ್ಕೂಲು ಮುಗಿಸಿದವರ ಪ್ರಮಾಣ 95% ಇದ್ದು ಎ-ಜಿ ಅದಕ್ಕಿಂತ ಬಹಳ ಕೆಳಗಿದ್ದರೆ, ಯಾವ ವಿಷಯದಲ್ಲಿ ಮಕ್ಕಳು ಹಿಂದೆ ಬೀಳುತ್ತಿದ್ದಾರೆ ಎಂದು ಕೌನ್ಸೆಲರ್ ಅವರನ್ನು ಕೇಳಿ.

ಯುಸಿ ತನ್ನ ತಾಣದಲ್ಲಿ ಪ್ರತಿ ಹೈಸ್ಕೂಲಿನಿಂದ ಅರ್ಜಿ ಹಾಕಿದವರು, ಆಯ್ಕೆಯಾದವರು, ಸೇರಿದವರ ಸಂಖ್ಯೆ ಕೊಡುತ್ತದೆ. ಕ್ಯಾಂಪಸ್‌ವಾರು ಸಂಖ್ಯೆಗಳನ್ನು ಕೂಡಿಸಿದರೆ ತಪ್ಪಾಗುತ್ತದೆ, ಒಬ್ಬಳೇ ಹುಡುಗಿ ಐದು ಕಡೆ ಆಯ್ಕೆಯಾಗಿರಬಹುದು. ಒಟ್ಟು ವಿಶ್ವವಿದ್ಯಾಲಯದ ಸಾಲು ತೆಗೆದುಕೊಳ್ಳಿ. ಇನ್ನೊಂದು ಲೆಕ್ಕವೂ ಇದೆ: ಪ್ರತಿ ಶಾಲೆಯಲ್ಲಿ ಗ್ರೇಡುಗಳ ಪ್ರಕಾರ ಮೇಲಿನ 9% ಮಕ್ಕಳಿಗೆ ಯುಸಿ ವಿಶೇಷ ಅರ್ಹತೆ ಕೊಡುತ್ತದೆ, ಜಾಗವಿದ್ದರೆ ಯಾವುದಾದರೊಂದು ಕ್ಯಾಂಪಸ್ಸು ಸಿಗುತ್ತದೆ, ಕೇಳಿದ್ದೇ ಸಿಗಬೇಕೆಂದಿಲ್ಲ. ಇದೇ ಕೌಂಟಿಯ ಮೊಂಟಾ ವಿಸ್ಟಾ ಹೈಸ್ಕೂಲಿನಂಥ ಪೈಪೋಟಿಯ ಶಾಲೆಯಲ್ಲಿ ಆ 9%ರೊಳಗೆ ಬರುವುದು ಬಲು ಕಷ್ಟ. ‘ಒಳ್ಳೆಯ’ ಶಾಲೆಗೆಂದು ಹೆಚ್ಚಿನ ಬಾಡಿಗೆ ಕಟ್ಟುವವರು ಇದನ್ನೂ ತೂಕಕ್ಕೆ ಹಾಕಲಿ.

ಎಪಿ ಕೋರ್ಸುಗಳ ಪಟ್ಟಿ ಉದ್ದವಿದ್ದರೆ ಸಾಲದು. ಕಳೆದ ವರ್ಷ ನಿಜಕ್ಕೂ ನಡೆದದ್ದು ಯಾವುವು, ಸೇರಲು ಯಾವ ಷರತ್ತು, ಸೀಟು ತುಂಬಿದರೆ ಏನು ಎಂದು ಕೇಳಿ. ಭಾರತದಿಂದ ನೇರ ಬರುವ ಮಗುವಾದರೆ 9ನೇ ತರಗತಿಯಲ್ಲಿ ಯಾವ ಗಣಿತಕ್ಕೆ ಸೇರಿಸುತ್ತಾರೆ ಎಂಬುದು ನಾಲ್ಕೂ ವರ್ಷದ ದಾರಿಯನ್ನು ನಿರ್ಧರಿಸುತ್ತದೆ. 2015ರ ರಾಜ್ಯ ಕಾನೂನಿನಂತೆ ಇದಕ್ಕೆ ನ್ಯಾಯವಾದ, ವಸ್ತುನಿಷ್ಠ ನೀತಿ ಇರಲೇಬೇಕು. ಆ ನೀತಿಯ ಪ್ರತಿ ಕೇಳಿ ಪಡೆಯಿರಿ, ಅಂಕಪಟ್ಟಿಗಳ ಜೊತೆ ಗಣಿತದ ಪಠ್ಯಕ್ರಮವನ್ನೂ ಇಂಗ್ಲಿಷಿನಲ್ಲಿ ಒಯ್ಯಿರಿ. ಮನೆಯಲ್ಲಿ ಕಲಿತ ಕನ್ನಡಕ್ಕೆ ದ್ವಿಭಾಷಾ ಮುದ್ರೆಯ (ಎರಡು ಭಾಷೆ ಚೆನ್ನಾಗಿ ಬಲ್ಲವರಿಗೆ ರಾಜ್ಯ ಕೊಡುವ ಗುರುತು) ಮನ್ನಣೆ ಸಿಗುತ್ತದೆಯೇ, ಯಾವ ಪರೀಕ್ಷೆ ಒಪ್ಪುತ್ತಾರೆ ಎಂದೂ ಅದೇ ಭೇಟಿಯಲ್ಲಿ ವಿಚಾರಿಸಿ.