ಸಿನ್ಸ್ ಹಾಕೋದಾ, ಫಾರ್ ಹಾಕೋದಾ? ‘ಆಯ್ತು’ ಅಂದು ನೋಡಿ

ಶಿವಮೊಗ್ಗದಲ್ಲಿ ಕೆಲಸ ಹುಡುಕುವ ಹುಡುಗ ಹುಡುಗಿಯರ ಅರ್ಜಿಗಳನ್ನು ನಾನು ತಿದ್ದಿಕೊಡುತ್ತಿರುತ್ತೇನೆ. ಮತ್ತೆ ಮತ್ತೆ ಕಾಣುವುದು ಒಂದೇ ತಪ್ಪು: ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’. ಬರೆದವರು ದಡ್ಡರಲ್ಲ. ನಮಗೆ ‘ಸೋಮವಾರದಿಂದ’ ಅಂದರೂ ‘ಐದು ವರ್ಷದಿಂದ’ ಅಂದರೂ ಅದೇ ‘ಇಂದ’, ಇಂಗ್ಲಿಷಿನಲ್ಲಿ ಮಾತ್ರ ಅದಕ್ಕೆ ಎರಡು ಪದ.

ಮೊದಲು ವಾಕ್ಯವನ್ನು ಕನ್ನಡದಲ್ಲೇ ಬರೆದು ‘ಇಂದ’ದ ಕೆಳಗೆ ಗೆರೆ ಎಳೆಯಿರಿ.

ಎರಡನೆಯದು, ‘ಇಂದ’ ತೆಗೆದು ‘ಆಯ್ತು’ ಹಾಕಿ ಜೋರಾಗಿ ಓದಿ. ಇಲ್ಲಿ ಅವಸರ ಬೇಡ. ‘ಮೂರು ದಿನದಿಂದ ಮಳೆ ಹೊಡೀತಿದೆ’ ಅನ್ನುವುದನ್ನು ಆಗುಂಬೆಯವರು ‘ಮೂರು ದಿನ ಆಯ್ತು ಮಳೆ ಹಿಡಿದು’ ಅಂತಲೂ ಹೇಳುತ್ತಾರೆ, ಅಲ್ವಾ? ಹಾಗಾದರೆ ಫಾರ್ ತ್ರೀ ಡೇಸ್. ‘ಸೋಮವಾರ ಆಯ್ತು ಮಳೆ ಹಿಡಿದು’ ಅಂತ ಯಾರೂ ಅನ್ನುವುದಿಲ್ಲ. ಅಲ್ಲಿ ಸಿನ್ಸ್ ಮಂಡೇ. ‘ಆಯ್ತು’ ಹೊಂದಿದರೆ ಅದು ಕಳೆದ ಕಾಲದ ಅಳತೆ, ಹೊಂದದಿದ್ದರೆ ಶುರುವಾದ ಗಳಿಗೆ.

ಅಂಕಿ ನೋಡಿ ಮೋಸ ಹೋಗಬೇಡಿ. ನಮ್ಮೂರಿನ ಹೆಸರು ಇಂಗ್ಲಿಷಿನಲ್ಲೂ ಅಧಿಕೃತವಾಗಿ ಶಿವಮೊಗ್ಗ ಆಗಿದ್ದು 2014ರ ನವೆಂಬರ್ 1ರಂದು, ಅಂಕಿಯಾದರೂ ಅದು ಶುರುವಾದ ಗಳಿಗೆ, ಆದ್ದರಿಂದ ಸಿನ್ಸ್ 2014. ‘ಬಹಳ ದಿನದಿಂದ’ಕ್ಕೆ ಅಂಕಿಯೇ ಇಲ್ಲ, ಆದರೂ ‘ಬಹಳ ದಿನ ಆಯ್ತು’ ಸರಿಯಾಗಿ ಕೂರುತ್ತದೆ, ಹಾಗಾಗಿ ಫಾರ್ ಎ ಲಾಂಗ್ ಟೈಮ್. ‘ಸಿನ್ಸ್ ಲಾಂಗ್ ಟೈಮ್’ ಅಂತ ದಯವಿಟ್ಟು ಬರೆಯಬೇಡಿ.

ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಅಗ್ಗದ ಪುಸ್ತಕಗಳಲ್ಲಿ ‘ಸಿನ್ಸ್ ಅಂದರೆ ಇಂದ, ಫಾರ್ ಅಂದರೆ ಗೋಸ್ಕರ’ ಅಂತಿದ್ದರೆ ಆ ಪುಟ ಹರಿದುಹಾಕಿ. ಈ ತಪ್ಪಿಗೆ ಅರ್ಧ ಕಾರಣ ಅದೇ.

ಮೂರನೆಯದು ಕ್ರಿಯಾಪದ. ಕನ್ನಡದ ‘ಮಾಡ್ತಿದ್ದೇನೆ’ ಇಲ್ಲಿ ‘ಆ್ಯಮ್’ ಆಗುವುದಿಲ್ಲ. ಕೆಲಸ ಆಗ ಶುರುವಾಗಿ ಈಗಲೂ ನಡೆದಿದ್ದರೆ ‘ಹ್ಯಾವ್ ಬೀನ್’ ಬೇಕು: ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್. ಕೆಲಸ ಮುಗಿದುಹೋಗಿದ್ದರೆ ಫಾರ್ ಜೊತೆ ಬರೀ ಭೂತಕಾಲ ಸಾಕು: ಐ ಸ್ಟೇಯ್ಡ್ ಇನ್ ತೀರ್ಥಹಳ್ಳಿ ಫಾರ್ ಟೂ ಡೇಸ್.

ಸಿನ್ಸ್ ಮುಂದೆ ಇಡೀ ವಾಕ್ಯವೂ ಬರಬಹುದು. ‘ಸಿನ್ಸ್ ಐ ಲೆಫ್ಟ್ ಸಾಗರ’ ಅಂದರೆ ಸಾಗರ ಬಿಟ್ಟಾಗಿನಿಂದ. ಕಾಲ ಹೇಳುವ ಫಾರ್ ಮುಂದೆ ಹಾಗೆ ಬರುವುದಿಲ್ಲ, ಟೂ ಡೇಸ್, ಫೈವ್ ಇಯರ್ಸ್ ಥರದ ಅಳತೆಯೇ ಬರಬೇಕು. ‘ಸಿನ್ಸ್ ದಿ ಘಾಟ್ ಈಸ್ ಕ್ಲೋಸ್ಡ್’ ಅಂತ ಕಂಡರೆ ಅದು ಕಾಲ ಅಲ್ಲ, ಕಾರಣ: ಘಾಟಿ ಬಂದ್ ಆಗಿರುವುದರಿಂದ. ಅಲ್ಲೂ ಕನ್ನಡದಲ್ಲಿ ಅದೇ ‘ಇಂದ’, ನೋಡಿ.